ಜೊತೆಗಾರರು ಡಬಲ್ ಅಂದರು, ನನ್ನ ಕೈಯಲ್ಲಿ ಏನೂ ಇಲ್ಲ

ಪ್ರಶ್ನೆ: ಕಕ್ಕಡದ ಮಳೆಗೆ ತೋಟದ ಕೆಲಸ ನಿಂತರೆ ನಮ್ಮ ಮನೆಯಲ್ಲಿ ಸಂಜೆ ಬ್ರಿಡ್ಜ್ ಇಸ್ಪೀಟಾಟ ಶುರು. ಮೊನ್ನೆ ಎಡಗಡೆಯವರು ಒಂದು ಹಾರ್ಟ್ (ಹಾರ್ಟ್ ತುರುಪಾಗಿ ಏಳು ಟ್ರಿಕ್ ಹೊಡೆಯುತ್ತೇವೆ ಎಂಬ ಬಿಡ್) ಹೇಳಿದರು, ಜೊತೆಗಾರರಾದ ನಮ್ಮ ಭಾವ ಡಬಲ್ ಅಂದರು, ಬಲಗಡೆಯವರು ಪಾಸ್. ನನ್ನ ಹತ್ತಿರ ಸ್ಪೇಡ್‌ನಲ್ಲಿ ಗುಲಾಮ, 8, 5, 2. ಹಾರ್ಟ್‌ನಲ್ಲಿ 9, 7, 4. ಡೈಮಂಡ್‌ನಲ್ಲಿ 8, 6, 3. ಕ್ಲಬ್‌ನಲ್ಲಿ ರಾಣಿ, 6, 2. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರ ಲೆಕ್ಕದಲ್ಲಿ ಮೂರೇ ಪಾಯಿಂಟ್ ಅಂತ ಪಾಸ್ ಹೇಳಿದೆ. ಅವರು ಎಂಟು ಟ್ರಿಕ್ ಹೊಡೆದರು, ಭಾವನಿಗೆ ಬೇಜಾರಾಯಿತು. ನಾನು ಏನು ಹೇಳಬೇಕಿತ್ತು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಒಂದು ಸ್ಪೇಡ್. ಆ ಗುಲಾಮ, ರಾಣಿ ಇಲ್ಲದೆ ಸೊನ್ನೆ ಪಾಯಿಂಟ್ ಇದ್ದಿದ್ದರೂ ಒಂದು ಸ್ಪೇಡೇ.

ಭಾವ ಕೇಳಿದ್ದು ನಿಮ್ಮ ಬಲವನ್ನಲ್ಲ, ನಿಮ್ಮ ಉದ್ದದ ಬಣ್ಣವನ್ನು. 'ನನ್ನಲ್ಲಿ ಓಪನ್ ಮಾಡುವಷ್ಟು ಪಾಯಿಂಟ್ ಇದೆ, ಹಾರ್ಟ್ ಕಡಿಮೆ, ಉಳಿದ ಮೂರರಲ್ಲಿ ಯಾವುದಾದರೂ ಆಗಬಹುದು' ಎಂದು ಆ ಡಬಲ್‌ನ ಅರ್ಥ. ಪಾಸ್ ಅಂದರೆ ನೀವು ಡಬಲ್ ಆದ ಹಾರ್ಟ್ ಆಟವನ್ನೇ ಒಪ್ಪಿಕೊಂಡಂತೆ. ಎದುರಾಳಿಗಳು ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಾಗುವ ಸ್ಥಿತಿ) ಅಲ್ಲದಿದ್ದರೂ ಆ ಎಂಟು ಟ್ರಿಕ್‌ಗೆ 260 ಅಂಕ ಹೋಯಿತು. ಡಬಲ್ ಇಲ್ಲದಿದ್ದರೆ ಬರೀ 110. ಕೈ ಬಡವಾದಷ್ಟೂ ಪಾಸ್ ದುಬಾರಿ. ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ.

ಪಾಸ್ ಹೇಳುವ ಕೈ ಬೇರೆಯೇ ಇದೆ: ಹಾರ್ಟ್‌ನಲ್ಲಿ ರಾಣಿ, ಗುಲಾಮ, 10, 9, 7ರಂಥ ಗಟ್ಟಿ ಐದು ಎಲೆ. ಆಗ ಭಾವ ಮೊದಲು ತುರುಪನ್ನೇ ಇಳಿಸಬೇಕು.

ನಿಜವಾಗಿ ಇಕ್ಕಟ್ಟಾಗುವುದು ನಾಲ್ಕು ಎಲೆ ಹಾರ್ಟ್‌ನಲ್ಲೇ ಇದ್ದು, ಉಳಿದ ಬಣ್ಣಗಳಲ್ಲಿ ಮೂರು ಮೂರು ಬಂದಾಗ. ಅನೇಕರು ಒಂದು ನೋಟ್ರಂಪ್‌ಗೆ (ತುರುಪಿಲ್ಲದ ಆಟ) ಓಡುತ್ತಾರೆ. ಬೇಡ. ಅದಕ್ಕೆ ಹಾರ್ಟ್ ತಡೆಯುವ ಎಲೆಯೂ ಬೇಕು, ಆರೇಳಾದರೂ ಪಾಯಿಂಟ್ ಬೇಕು. ಬರಿಗೈಯಲ್ಲಿ ಮೂರೇ ಎಲೆಯ ಮೇಲೆ ಒಂದು ಸ್ಪೇಡ್ ಹೇಳಿ. ಮನಸ್ಸಿಗೆ ಹಿಡಿಸುವುದಿಲ್ಲ, ಆದರೆ ಅದಕ್ಕಿಂತ ಕೆಳಗಿನ ಜಾಗ ಇಲ್ಲ. ಡೈಮಂಡ್ ಐದು, ಸ್ಪೇಡ್ ನಾಲ್ಕು ಇದ್ದರೂ ಸ್ಪೇಡೇ ಮೊದಲು.

ಎಂಟು ಪಾಯಿಂಟ್‌ವರೆಗೂ ಹೀಗೆ ಕೆಳಗೇ ಇರಿ. 9ರಿಂದ 11 ಇದ್ದರೆ ಒಂದು ಮೆಟ್ಟಿಲು ಹಾರಿ: ಸ್ಪೇಡ್‌ನಲ್ಲಿ ಎಕ್ಕ, ಗುಲಾಮ, 8, 5, ಡೈಮಂಡ್ ರಾಜ, ಕ್ಲಬ್ ರಾಣಿ ಸೇರಿದರೆ ಹತ್ತು, ನೇರ ಎರಡು ಸ್ಪೇಡ್. 12 ದಾಟಿದರೆ ಅವರ ಬಣ್ಣವನ್ನೇ ಹಿಡಿದು ಎರಡು ಹಾರ್ಟ್ ಹೇಳಿ. ಆಗ ಭಾವ ಪಾಸ್ ಹೇಳುವಂತಿಲ್ಲ, ಗೇಮ್‌ವರೆಗೆ (ದೊಡ್ಡ ಬೋನಸ್ ಸಿಗುವ ಬಿಡ್, ಉದಾಹರಣೆಗೆ ನಾಲ್ಕು ಸ್ಪೇಡ್) ಹೋಗಬೇಕು.

ಬಲಗಡೆಯವರು ಪಾಸ್ ಹೇಳದೆ ಏನಾದರೂ ಬಿಡ್ ಮಾಡಿದರೆ ನಿಮ್ಮ ಕಟ್ಟುಪಾಡು ಮುಗಿಯಿತು. ಆ ಮೂರು ಪಾಯಿಂಟ್‌ಗೆ ಆಗ ಪಾಸೇ ಸರಿ.

ಭಾವನಿಗೂ ಒಂದು ಮಾತು: ನಿಮ್ಮ ಒಂದು ಸ್ಪೇಡ್ ಕೇಳಿ ಅವರು ಉಬ್ಬಬಾರದು. ಅದರ ಹಿಂದೆ ಸೊನ್ನೆಯೂ ಇರಬಹುದು. ಎರಡಕ್ಕೆ ಏರಿಸಬೇಕಾದರೆ ಅವರ ಕೈಯಲ್ಲಿ 16ರ ಆಸುಪಾಸು ಪಾಯಿಂಟ್, ನಾಲ್ಕು ಸ್ಪೇಡ್ ಇರಲಿ.