ಎಲ್ಲ ಸರಿಯಿದ್ದೂ ಬೇಸರ ಹೋಗುತ್ತಿಲ್ಲ ಅಂದರೆ ಏನು ಮಾಡೋದು?

ನೀವು ಕೇಳಿದ್ದು ಇಷ್ಟು: ವಯಸ್ಸು 47, ದಾವಣಗೆರೆಯಲ್ಲಿ ಸ್ವಂತ ಬಟ್ಟೆ ಅಂಗಡಿ, ಮಕ್ಕಳಿಬ್ಬರೂ ಕಾಲೇಜಿನಲ್ಲಿ ಓದುತ್ತಿದ್ದಾರೆ, ದೊಡ್ಡ ಸಾಲವಿಲ್ಲ, ಮನೆಯಲ್ಲಿ ಜಗಳವಿಲ್ಲ. ಆದರೂ ಒಂದು ವರ್ಷದಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದರೆ ಮೊಬೈಲ್, ಊಟ, ನಿದ್ದೆ. ಈ ವಯಸ್ಸಿನಲ್ಲಿ ಇದು ಎಲ್ಲರಿಗೂ ಇರುತ್ತಾ, ಇದ್ದವರು ಏನು ಮಾಡಿದಿರಿ?

ಎಲ್ಲರಿಗೂ ಅಂತ ಹೇಳಲಾರೆ, ಆದರೆ ತುಂಬಾ ಜನರಿಗೆ ಇರುತ್ತದೆ. ನನಗೂ ಇತ್ತು. ಈಗ ನನಗೆ 53. ಊರು ಶಿರಸಿ ಹತ್ತಿರ. ಸ್ವಲ್ಪ ಅಡಿಕೆ ತೋಟ, ಜೊತೆಗೆ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ.

ಅರ್ಥಶಾಸ್ತ್ರಜ್ಞರಾದ ಬ್ಲಾಂಚ್‌ಫ್ಲವರ್ ಮತ್ತು ಓಸ್ವಾಲ್ಡ್ 2008ರಲ್ಲಿ ಹಲವು ದೇಶಗಳ ಅಂಕಿಅಂಶ ಇಟ್ಟುಕೊಂಡು ಒಂದು ಮಾತು ಹೇಳಿದರು. ಬದುಕಿನ ಬಗೆಗಿನ ತೃಪ್ತಿ ಹರೆಯದಲ್ಲಿ ಮೇಲಿದ್ದು, ನಲವತ್ತರ ನಂತರ ತಳಕ್ಕೆ ಬಂದು, ಆಮೇಲೆ ಮತ್ತೆ ಏರುತ್ತದೆ ಅಂತ. 2012ರಲ್ಲಿ ಚಿಂಪಾಂಜಿ, ಒರಾಂಗುಟಾನ್‌ಗಳಲ್ಲೂ ಇಂಥದ್ದೇ ಇಳಿತ ಕಂಡಿದೆ ಅಂತ ಇನ್ನೊಂದು ಅಧ್ಯಯನ ಬಂತು. ಅವಕ್ಕೆ ಅಂಗಡಿಯೂ ಇಲ್ಲ, ಮಕ್ಕಳ ಫೀಸೂ ಇಲ್ಲ. ಈ ಲೆಕ್ಕಾಚಾರವನ್ನು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ, ಇರಲಿ. ನನಗೆ ಮಾತ್ರ ಅದನ್ನು ಓದಿ ಒಂದು ಸಮಾಧಾನ ಸಿಕ್ಕಿತು. "ಎಲ್ಲ ಇದ್ದೂ ಹೀಗೇಕೆ, ನನಗೆ ಕೃತಜ್ಞತೆ ಇಲ್ಲವಾ" ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವಲ್ಲ, ಅದು ಬೇಡ. ಬೇಸರಕ್ಕಿಂತ ಆ ಬೈಗುಳವೇ ಜಾಸ್ತಿ ಸುಸ್ತು ಮಾಡುತ್ತದೆ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಮ್ಮಿಯಾದರೆ, ಹಿಮೋಗ್ಲೋಬಿನ್ ಇಳಿದರೆ, ಶುಗರ್ ಏರಿದರೆ, ಬಿ12 ಕಡಿಮೆಯಾದರೆ ಎಂಥ ಉತ್ಸಾಹಿಯೂ ಮಂಕಾಗುತ್ತಾನೆ. ನಮ್ಮದು ಸಸ್ಯಾಹಾರದ ಮನೆ. ಸೊಪ್ಪು, ತರಕಾರಿ, ಬೇಳೆಯಲ್ಲಿ ಬಿ12 ಸಿಗುವುದಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ, ಮೊಟ್ಟೆ, ಮೀನು, ಮಾಂಸದಲ್ಲಿ ಚೆನ್ನಾಗಿ ಸಿಗುತ್ತದೆ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಇಳಿಯಬಹುದು. ನನಗೆ ಅಂಗಾಲು ಜುಮ್ಮೆನ್ನುತ್ತಿತ್ತು, ಮಧ್ಯಾಹ್ನ ಲೆಕ್ಕದ ಪುಸ್ತಕದ ಮುಂದೆ ಕಣ್ಣು ಎಳೆಯುತ್ತಿತ್ತು. ನೋಡಿದರೆ ಬಿ12 ತೀರಾ ಕೆಳಗಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಸುಸ್ತು ಹೋಯಿತು. ಬೇಸರ ಅರ್ಧ ಹೋಯಿತು, ಅರ್ಧ ಉಳಿಯಿತು.

ಎರಡನೆಯದು, ನಿಮ್ಮದು ಬೇಸರವಾ ಅಥವಾ ಖಿನ್ನತೆಯಾ ಅಂತ ನೋಡಬೇಕು. ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಇಡೀ ದಿನ ಮನಸ್ಸು ಭಾರವಾಗಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ನಾನು ಯಾರಿಗೂ ಬೇಡ ಅನ್ನಿಸಿದರೆ ಇದು ಹವ್ಯಾಸದಿಂದ ಹೋಗುವ ಬೇಸರವಲ್ಲ. ಡಾಕ್ಟರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಬಂದರಂತೂ ಅದೇ ದಿನ ಯಾರಿಗಾದರೂ ಹೇಳಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. 2022ರಿಂದ ನಡೆಯುತ್ತಿದೆ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮವೂ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುತ್ತಾರೆ. ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಸಂಜೆ ಒಂದು ಪೆಗ್ಗಿನಿಂದ ಮನಸ್ಸು ಹಗುರವಾಗುತ್ತದೆ ಅನ್ನುವ ಗೆಳೆಯರ ಮಾತು ಮಾತ್ರ ಕೇಳಬೇಡಿ. ಕುಡಿತ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಇನ್ನೂ ಕೆಳಗೆ ಎಳೆಯುತ್ತದೆ.

ಈಗ ಉಳಿದ ಅರ್ಧದ ಮಾತು.

ನಾನು ಚಿಕ್ಕವನಿದ್ದಾಗ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಕೈಯಲ್ಲಿ ಕೆಲಸ, ಬಾಯಲ್ಲಿ ಊರಿನ ಸುದ್ದಿ. ಬೇಜಾರಾಗಲು ಪುರುಸೊತ್ತೇ ಇರಲಿಲ್ಲ. ಈಗ ಮಷಿನ್ ಬಂದಿದೆ. ಒಳ್ಳೆಯದೇ, ಕೈ ಬೆರಳು ಉಳಿಯಿತು. ಆದರೆ ಆ ಕೂಟವೂ ಹೋಯಿತು. ನಿಮ್ಮ ಅಂಗಡಿಯೂ ಹೀಗೇ ಇರಬಹುದು. ಇಪ್ಪತ್ತು ವರ್ಷದಿಂದ ಮಾಡಿದ ಕೆಲಸ, ಗಿರಾಕಿ ಒಳಗೆ ಬಂದ ಕೂಡಲೇ ಏನು ಕೇಳುತ್ತಾರೆ ಅಂತ ಗೊತ್ತಾಗುತ್ತದೆ. ಹುಡುಗರು ವ್ಯಾಪಾರ ನೋಡಿಕೊಳ್ಳುತ್ತಾರೆ. ಮಕ್ಕಳಿಗೆ ನಮ್ಮ ದುಡ್ಡು ಬೇಕು, ಹಿಂದಿನ ಹಾಗೆ ನಾವು ಬೇಕಿಲ್ಲ. ಎಲ್ಲ ತನ್ನಷ್ಟಕ್ಕೆ ನಡೆಯುತ್ತದೆ. ನಾವು ಪೂರ್ತಿ ಮನಸ್ಸಿಟ್ಟು ನಿಲ್ಲಲೇಬೇಕಾದ ಜಾಗ ಒಂದೂ ಉಳಿದಿರುವುದಿಲ್ಲ. ನಡುವಯಸ್ಸಿನ ಬೇಸರದ ಬೇರು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಅದಕ್ಕೇ ಟ್ರಿಪ್ ಹೋದರೆ ಅದು ಹೋಗುವುದಿಲ್ಲ. ಗೋವಾದಲ್ಲೂ ನಾವು ಸುಮ್ನೆ ನೋಡುವವರೇ.

ನನಗೆ ದಾರಿ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ನಿಮ್ಮ ಕಡೆ ಇದು ಕಡಿಮೆ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಯಕ್ಷಗಾನದ್ದೇ ಕಥೆ, ಅದೇ ಪದ್ಯ, ಆದರೆ ವೇಷವಿಲ್ಲ, ಕುಣಿತವಿಲ್ಲ. ಮಧ್ಯದಲ್ಲಿ ಭಾಗವತರು, ಮದ್ದಳೆ, ಚಂಡೆ. ಎರಡು ಬದಿಗೆ ಪಂಚೆ ಶರ್ಟಿನಲ್ಲಿ ಅರ್ಥಧಾರಿಗಳು ಕೂರುತ್ತಾರೆ. ಭಾಗವತರು ಒಂದು ಪದ್ಯ ಹಾಡಿದ ಮೇಲೆ ಆ ಪಾತ್ರದವನು ಅದರ ಅರ್ಥವನ್ನು ತನ್ನ ಮಾತಲ್ಲಿ ಹೇಳಬೇಕು. ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಆಗಲೇ ಉತ್ತರ ಹುಟ್ಟಬೇಕು.

ನಮ್ಮ ಊರಿನ ಸಂಘದವರು ಶನಿವಾರ ರಾತ್ರಿ ದೇವಸ್ಥಾನದ ಚಂದ್ರಶಾಲೆಯಲ್ಲಿ ಅಭ್ಯಾಸಕ್ಕೆ ಸೇರುತ್ತಾರೆ. ಚಿಕ್ಕಂದಿನಿಂದ ಕೇಳಿದ್ದೆನೇ ಹೊರತು ಕೂತು ಅರ್ಥ ಹೇಳಿದವನಲ್ಲ. ಒಬ್ಬರು ಹಿರಿಯರು ಒತ್ತಾಯ ಮಾಡಿ ಕೂರಿಸಿದರು. ವಾಲಿವಧೆ ಪ್ರಸಂಗ. ನನಗೆ ತಾರೆಯ ಪಾತ್ರ. ಇಲ್ಲಿ ಹೆಣ್ಣು ಪಾತ್ರಕ್ಕೂ ಗಂಡಸರು ಅರ್ಥ ಹೇಳುತ್ತಾರೆ. ಸೋತು ಓಡಿಹೋದ ಸುಗ್ರೀವ ಮತ್ತೆ ಬಂದು ಯುದ್ಧಕ್ಕೆ ಕರೆಯುತ್ತಿದ್ದಾನೆ, ವಾಲಿ ಹೊರಟಿದ್ದಾನೆ, ತಾರೆ ತಡೆಯಬೇಕು. ನಾನು ಮನೆಯಲ್ಲಿ ನಾಲ್ಕು ಮಾತು ಕಟ್ಟಿಕೊಂಡು ಹೋಗಿದ್ದೆ. ವಾಲಿಯ ಪಾತ್ರದ ಹಿರಿಯರು ಅದು ಯಾವುದನ್ನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, "ಗಂಡನ ತೋಳಿನ ಮೇಲೆ ಇಷ್ಟು ವರ್ಷ ಇಲ್ಲದ ಅನುಮಾನ ಇವತ್ತು ಯಾಕೆ ಬಂತು ತಾರೆ?" ಅಂದುಬಿಟ್ಟರು.

ಕೈ ಬೆವರಿತು. ಮದ್ದಳೆಯವರೂ ನನ್ನನ್ನೇ ನೋಡುತ್ತಿದ್ದಾರೆ. ಕೊನೆಗೆ ಬಾಯಿಂದ ಬಂದದ್ದು: "ನಿಮ್ಮ ತೋಳಿನ ಮೇಲೆ ಅನುಮಾನವಿಲ್ಲ ಸ್ವಾಮಿ. ಸೋತವನ ಧೈರ್ಯದ ಮೇಲೆ ಅನುಮಾನ. ಅದು ಅವನದ್ದಲ್ಲ, ಯಾರೋ ಕೊಟ್ಟದ್ದು." ಭಾಗವತರು "ಭೇಷ್" ಅಂದರು. ಆ ರಾತ್ರಿ ಮನೆಗೆ ಬಂದು ಮೊಬೈಲ್ ತೆಗೆಯಲಿಲ್ಲ. ಇನ್ನೂ ಏನು ಹೇಳಬಹುದಿತ್ತು ಅಂತ ಯೋಚಿಸುತ್ತಾ ಮಲಗಿದೆ. ನಾಳೆಗೆ ಉಳಿಸಿಕೊಂಡ ಯೋಚನೆ ಅಂತ ನನ್ನ ಹತ್ತಿರ ಒಂದಿದ್ದು ತುಂಬಾ ದಿನವಾಗಿತ್ತು.

ನೀವು ತಾಳಮದ್ದಳೆಗೇ ಬರಬೇಕು ಅಂತಲ್ಲ. ಆದರೆ ಯಾವುದನ್ನು ಹಿಡಿದರೂ ಅದರಲ್ಲಿ ಇವು ಇರಲಿ. ವಾರದಲ್ಲಿ ದಿನ ನಿಗದಿಯಾಗಿರಬೇಕು. ನೀವು ಹೋಗದಿದ್ದರೆ "ಯಾಕ್ರೀ ಬರಲಿಲ್ಲ" ಅಂತ ಕೇಳುವ ಜನ ಇರಬೇಕು. ಮತ್ತೆ ನೀವು ಅಲ್ಲಿ ಹೊಸಬರಾಗಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಂಗಡಿಯಲ್ಲಿ ನೀವು ಯಜಮಾನರು, ಮನೆಯಲ್ಲಿ ಹಿರಿಯರು. ಕಲಿಯುವವರಾಗಿ ಕೂತು ಎಷ್ಟು ಕಾಲವಾಯಿತು? ತಬಲಾ ಇರಬಹುದು, ನಾಟಕದ ತಂಡ ಇರಬಹುದು, ವಚನ ಗಾಯನ, ಶಟಲ್, ಈಜು ಇರಬಹುದು. ದಾವಣಗೆರೆಯಂಥ ನಾಟಕದ ಊರಲ್ಲಿ ಇಂಥದ್ದಕ್ಕೆ ಬರಗಾಲವಿಲ್ಲ. ಏನೂ ತೋಚದಿದ್ದರೆ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡೆಯುವುದರಿಂದಲೇ ಶುರು ಮಾಡಿ, ಆದರೆ ಒಬ್ಬರೇ ಇಯರ್‌ಫೋನ್ ಹಾಕಿಕೊಂಡಲ್ಲ, ಒಂದು ಗುಂಪಿನ ಜೊತೆ.

ಇನ್ನೊಂದು. "ಮನಸ್ಸು ಸರಿಯಾಗಲಿ, ಆಮೇಲೆ ಹೋಗೋಣ" ಅಂತ ಕಾಯಬೇಡಿ. ಮನಸ್ಸು ಹಳೇ ಪಂಪ್‌ಸೆಟ್ ಇದ್ದ ಹಾಗೆ, ಮೊದಲು ನಾವೇ ನಾಲ್ಕು ಕೊಡ ನೀರು ಹೊಯ್ಯಬೇಕು, ಆಮೇಲೆ ಅದು ಎತ್ತುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲೂ ಇದೇ ಕ್ರಮ ಇದೆ. ಉತ್ಸಾಹಕ್ಕೆ ಕಾಯದೆ ಕೆಲಸವನ್ನು ದಿನಚರಿಯಲ್ಲಿ ಬರೆದು, ಹೊತ್ತಿಗೆ ಸರಿಯಾಗಿ ಮಾಡಿಸುತ್ತಾರೆ. ಎಷ್ಟೋ ಶನಿವಾರ ನನಗೂ ಹೋಗುವ ಮನಸ್ಸಿರುವುದಿಲ್ಲ. ಮಳೆಗಾಲದಲ್ಲಂತೂ ಎಂಟು ಗಂಟೆಗೇ ಕರೆಂಟ್ ಹೋಗಿ, ಹಂಚಿನ ಮೇಲೆ ಸದ್ದು ಶುರುವಾದರೆ ಹೊದ್ದು ಮಲಗೋಣ ಅನ್ನಿಸುತ್ತದೆ. ಟಾರ್ಚ್ ಹಿಡಿದು ಹೊರಡುತ್ತೇನೆ. ಹೋಗಿ ಬಂದ ಮೇಲೆ ಯಾಕಾದರೂ ಹೋದೆ ಅನ್ನಿಸಿದ್ದಿಲ್ಲ.

ಮನೆಯಲ್ಲಿ ಹೇಳಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೇಳಿ. ನಿಮ್ಮ ಮನೆಯವರಿಗೂ ಸುಮಾರು ಅದೇ ವಯಸ್ಸಿರಬಹುದು. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಹೆಂಗಸರಿಗೆ ನಿದ್ದೆ ಕೆಡುತ್ತದೆ, ಮೈ ಬಿಸಿಯೇರುತ್ತದೆ, ಮನಸ್ಸು ಕುಸಿಯುತ್ತದೆ. ನಿಮ್ಮದನ್ನು ನೀವು ಬಾಯಿಬಿಟ್ಟು ಹೇಳಿದರೆ ಅವರೂ ತಮ್ಮದನ್ನು ಹೇಳಿಯಾರು. ನನ್ನ ಹೆಂಡತಿ ಹೇಳಿದ್ದು ಹಾಗೇ, ನನ್ನ ಬಿ12 ರಿಪೋರ್ಟ್ ಬಂದ ದಿನ. ಆಮೇಲೆ ಅವಳದ್ದೂ ಪರೀಕ್ಷೆ ಮಾಡಿಸಿದೆವು, ಥೈರಾಯ್ಡ್ ಇತ್ತು.

ಈ ವಾರವೇ ಇಬ್ಬರೂ ಒಟ್ಟಿಗೆ ಹೋಗಿ ರಕ್ತ ಕೊಟ್ಟು ಬನ್ನಿ. ರಿಪೋರ್ಟಲ್ಲಿ ಏನು ಬಂತು, ಯಾವ ತಂಡಕ್ಕೆ ಸೇರಿದಿರಿ ಅಂತ ಬರೆದು ತಿಳಿಸಿ, ನಾನು ಕಾಯುತ್ತಿರುತ್ತೇನೆ.