ರೈಲ್ವೆ ಗೇಟಿನಲ್ಲಿ ತಾನಾಗಿ ಬಂದ್ ಆಗುವ ಎಂಜಿನ್

ಪ್ರಶ್ನೆ: ನಮ್ಮದು ಆಟೋಮ್ಯಾಟಿಕ್ ಗೇರಿನ ಕಾರು. ಹೊಸಂಗಡಿ ರೈಲ್ವೆ ಗೇಟಿನಲ್ಲಿ ನಿಂತರೆ ಎಂಜಿನ್ ತಾನಾಗಿ ಬಂದ್ ಆಗುತ್ತದೆ, ಬ್ರೇಕ್ ಬಿಟ್ಟರೆ ಮತ್ತೆ ಸ್ಟಾರ್ಟ್. ಸ್ಟಾರ್ಟರ್ ಬೇಗ ಹೋಗುತ್ತದೆ, ಗೇರ್ ಬಾಕ್ಸಿಗೂ ಪೆಟ್ಟು ಅಂತ ನಮ್ಮವರು ಕಾರು ಹತ್ತಿದ ಕೂಡಲೇ ಬಟನ್ ಒತ್ತಿ ಅದನ್ನು ಆಫ್ ಮಾಡುತ್ತಾರೆ. ಸರಿಯಾ?
– ಒಬ್ಬರು ಟೀಚರ್, ಮಂಜೇಶ್ವರ

ಉತ್ತರ: ಟೀಚರೇ, ಹಳೇ ಕಾರಾದರೆ ನಿಮ್ಮವರ ಹೆದರಿಕೆ ಸರಿಯೇ. ದಿನಕ್ಕೆ ನಾಲ್ಕೈದು ಸಲ ತಿರುಗಬೇಕಾದ ಸ್ಟಾರ್ಟರನ್ನು 40 ಸಲ ತಿರುಗಿಸಿದರೆ ವರ್ಷಕ್ಕೆ 14,600 ಸಲ ಆಯಿತು. ಎಲ್ಲಿ ತಾಳೀತು? ಆದರೆ ನಿಮ್ಮಂಥ ಕಾರಿಗೆ ಹಾಕುವ ಸ್ಟಾರ್ಟರೇ ಬೇರೆ. ಅದರ ಬ್ರಷ್, ಬೇರಿಂಗ್, ಫ್ಲೈವೀಲಿಗೆ ಕಚ್ಚುವ ಚಿಕ್ಕ ಹಲ್ಲುಚಕ್ರ, ಎಲ್ಲ ಗಟ್ಟಿ. ಬಿಸಿ ಎಂಜಿನ್ ಬೇಗ ಹತ್ತಿಕೊಳ್ಳುತ್ತದೆ, ಅಷ್ಟು ಭಾರವೂ ಇಲ್ಲ.

ಗೇರ್ ಬಾಕ್ಸಿನೊಳಗಿನ ಕ್ಲಚ್ಚುಗಳನ್ನು ಹಿಡಿದಿಡುವುದು ಎಣ್ಣೆಯ ಒತ್ತಡ. ಎಂಜಿನ್ ನಿಂತರೆ ಅದರ ಪಂಪೂ ನಿಲ್ಲುತ್ತದೆ. ಅದಕ್ಕೇ ಇಂಥ ಕಾರುಗಳಲ್ಲಿ ಕರೆಂಟಿನ ಇನ್ನೊಂದು ಪಂಪೋ, ಒತ್ತಡ ಕೂಡಿಟ್ಟು ಥಟ್ಟನೆ ಬಿಡುವ ಡಬ್ಬಿಯೋ ಇರುತ್ತದೆ. ಹೊರಡುವಾಗ ಪ್ರತಿ ಸಲ ಧಡ್ ಅಂತ ಹೊಡೆದರೆ ಮಾತ್ರ ತೋರಿಸಿ.

ನಿಜವಾದ ತಲೆನೋವು ಬ್ಯಾಟರಿ. ಕಳೆದ ಮಳೆಗಾಲದಲ್ಲಿ ಕುಂಬಳೆ ಕಡೆಯ ಒಬ್ಬರು, "ಸ್ಟಾರ್ಟರ್ ಹೋಯಿತು ಮಾರಾಯ್ರೇ" ಅಂತ ನನ್ನ ವರ್ಕ್‌ಶಾಪಿಗೆ ಕಾರು ಎಳೆಸಿಕೊಂಡು ಬಂದರು. ಬಿಚ್ಚಿ ನೋಡಿದೆ. ಬ್ರಷ್ ಅರ್ಧವೂ ಸವೆದಿರಲಿಲ್ಲ. ಬಾನೆಟ್ಟಿನ ಕೆಳಗೆ ನೋಡಿದರೆ ಅಗ್ಗಕ್ಕೆ ಸಿಕ್ಕಿದ ಸಾದಾ ಬ್ಯಾಟರಿ! ಟರ್ಮಿನಲ್ಲಿಗೆ ಪಾಚಿ ಕಟ್ಟಿದ ಹಾಗೆ ಹಸಿರು ಕಿಲುಬು. ನಮ್ಮ ಉಪ್ಪುಗಾಳಿ ಕೇಳಬೇಕಾ? ಈ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ, ಅಂದರೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಬ್ಯಾಟರಿಯೇ ಬೇಕು. ನಿಮ್ಮದರಲ್ಲಿ ಯಾವುದಿತ್ತೋ ಅದನ್ನೇ ಹಾಕಿ. ಅಲ್ಲಿ ಮಾತ್ರ ಚೌಕಾಸಿ ಬೇಡ.

ಇನ್ನು ಬಟನ್. ಗೇಟಿನಲ್ಲಿ ಐದು ನಿಮಿಷ ನಿಲ್ಲುವಾಗ ಎಂಜಿನ್ ಬಂದ್ ಆಗಲಿ, ಪೆಟ್ರೋಲ್ ಸುಮ್ನೆ ಯಾಕೆ ಸುಡಬೇಕು? ಹೆದ್ದಾರಿ ಸರ್ವೀಸ್ ರೋಡಿನಲ್ಲಿ ಆಮೆ ಹಾಗೆ ತೆವಳುವಾಗ ನಾನೂ ಆಫ್ ಮಾಡುತ್ತೇನೆ. ಅಲ್ಲಿ ಪೆಟ್ರೋಲ್ ಉಳಿಯುವುದಕ್ಕಿಂತ ಕಿರಿಕಿರಿಯೇ ಜಾಸ್ತಿ. ಮೇ ತಿಂಗಳ ಸೆಕೆಗೆ ಗೇಟು ಬಿಡುವ ಮೊದಲೇ ಎಂಜಿನ್ ಸ್ಟಾರ್ಟ್ ಆದರೆ ಗಾಬರಿ ಬೇಡ, ಏಸಿಗೋಸ್ಕರ ಎದ್ದಿರುತ್ತದೆ. ಹಾಗಾಗಿ ಎಳನೀರಿಗೆ ಇಳಿಯುವುದಿದ್ದರೆ ಗೇರು ಪಿ-ಗೆ ಹಾಕಿ, ಕಾರು ಪೂರ್ತಿ ಆಫ್ ಮಾಡಿಯೇ ಇಳಿಯಿರಿ.