ವೋಚರ್ ಬಲ್ಲವರಿಗೆ ಲಾಗ್ ಕಷ್ಟವಲ್ಲ

ಪ್ರಶ್ನೆ: ನನಗೀಗ 42. ಸಹಕಾರ ಸಂಘವೊಂದರಲ್ಲಿ 17 ವರ್ಷದಿಂದ ಲೆಕ್ಕಪತ್ರ ನೋಡುತ್ತಿದ್ದೇನೆ, ಕಂಪ್ಯೂಟರ್‌ಗಳ ಉಸ್ತುವಾರಿಯೂ ನನ್ನದೇ. ಸೈಬರ್ ಸೆಕ್ಯುರಿಟಿಗೆ ಹೋಗುವ ಆಸೆ. ಎಥಿಕಲ್ ಹ್ಯಾಕಿಂಗ್ ಕೋರ್ಸಿಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ, ಕೆಲಸ ಗ್ಯಾರಂಟಿಯಂತೆ. ಸೇರಲೇ?
– ಓದುಗರು, ಸಾಗರ

ಉತ್ತರ: ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಹ್ಯಾಕಿಂಗ್ ಕಲಿತು ಹೊರಟರೆ 22ರ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಮಾಹಿತಿ ವ್ಯವಸ್ಥೆಯ ಆಡಿಟ್ ಕಡೆ ಬಂದರೆ ನಿಮ್ಮ 17 ವರ್ಷ ಲೆಕ್ಕಕ್ಕೆ ಬರುತ್ತದೆ. ವೋಚರ್ ಬರೆದವರೇ ಮಂಜೂರು ಮಾಡಬಾರದಲ್ಲವೇ? ಲಾಗಿನ್ ಐಡಿ ಕೇಳಿದವರೇ ಅದಕ್ಕೆ ಒಪ್ಪಿಗೆ ಕೊಡಬಾರದು ಎಂಬುದೂ ಅದೇ ಸೂತ್ರ.

ಆದರೆ ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ಚಟುವಟಿಕೆಗಳ ದಾಖಲೆ) ಓದಲು ಬಾರದ ಆಡಿಟರ್ ಬರೀ ಟಿಕ್ ಹಾಕುವವರಾಗುತ್ತಾರೆ. 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಯಂತ್ರದೊಳಗೆ ಬೇರೆ ಕಂಪ್ಯೂಟರ್‌ಗಳನ್ನು ನಡೆಸುವ ತಂತ್ರಾಂಶ) ಹಾಕಿ, ಒಂದು ವಿಂಡೋಸ್, ಒಂದು ಉಬುಂಟು (ಲಿನಕ್ಸ್) ಕೂರಿಸಿ. ಶುರುವೇ ಆಗದಿದ್ದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆಫ್ ಆಗಿದೆಯೇ ನೋಡಿ. ಮಳೆಗಾಲದ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ: ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನಡುವೆ ಆರಿದರೆ ವರ್ಚುವಲ್ ಡಿಸ್ಕ್ ಕೆಡಬಹುದು, ಆ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇರಲಿ.

ವಿಂಡೋಸ್‌ನಲ್ಲಿ ಸೈನ್ ಔಟ್ ಆಗಿ, ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿ ಆರನೆಯದು ಸರಿ ಹಾಕಿ. ಇವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗಿನಲ್ಲಿ 4625 (ವಿಫಲ ಲಾಗಿನ್) ಐದು ಸಲ, ಆಮೇಲೆ 4624 (ಯಶಸ್ವಿ ಲಾಗಿನ್) ಕಾಣಬೇಕು. 4625 ಬಾರದಿದ್ದರೆ ಆಡಿಟ್ ಪಾಲಿಸಿಯಲ್ಲಿ ‘ಫೇಲ್ಯೂರ್’ ಆನ್ ಮಾಡಿ. ಲಾಗಿನ್ ಯಾವ ಬಗೆಯದೆಂದು ‘ಟೈಪ್’ ಸಂಖ್ಯೆ ಹೇಳುತ್ತದೆ: ಕೀಬೋರ್ಡಿನ ಮುಂದೆ ಕೂತು ಮಾಡಿದ ಲಾಗಿನ್‌ಗೆ ಟೈಪ್ 2, ದೂರದಿಂದ ಬರುವ ರಿಮೋಟ್ ಡೆಸ್ಕ್‌ಟಾಪ್‌ಗೆ 10. ಹೊಸಬರು ಎಡವುವುದು ಇಲ್ಲೇ: ಎನ್‌ಎಲ್‌ಎ (ಪರದೆ ತೆರೆಯುವ ಮೊದಲೇ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ವ್ಯವಸ್ಥೆ) ಆನ್ ಇದ್ದರೆ ರಿಮೋಟ್‌ನ ವಿಫಲ ಯತ್ನಗಳು ಟೈಪ್ 3 ಎಂದು ದಾಖಲಾಗುತ್ತವೆ. 10 ಒಂದನ್ನೇ ಹುಡುಕಿದವರಿಗೆ ದಾಳಿ ಕಾಣುವುದೇ ಇಲ್ಲ. ದಿನಕ್ಕೆ ಒಂದೂವರೆ ಗಂಟೆಯಂತೆ ಆರು ತಿಂಗಳು ಇದೇ ಅಭ್ಯಾಸ, ಜೊತೆಗೆ ನೆಟ್‌ವರ್ಕ್‌ನಲ್ಲಿ ಹರಿಯುವ ಡೇಟಾ ತೋರಿಸುವ ವೈರ್‌ಶಾರ್ಕ್.

ನಿಮ್ಮ ಸಂಘದಲ್ಲೇ ಕಾರ್ಯದರ್ಶಿಯವರ ಲಿಖಿತ ಅನುಮತಿ ಪಡೆದು ಪರಿಶೀಲನೆ ಶುರುಮಾಡಿ. ಕೆಲಸ ಬಿಟ್ಟವರ ಐಡಿ ಇನ್ನೂ ಜೀವಂತವೇ? ಬ್ಯಾಕಪ್ಪನ್ನು ಯಾವತ್ತಾದರೂ ರಿಸ್ಟೋರ್ ಮಾಡಿ ನೋಡಿದ್ದಾರೆಯೇ? ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿಯಲ್ಲಿರುವ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಬಾಯಿಮಾತಿನ ಅನುಮತಿ ನಂಬಬೇಡಿ. ಅಕ್ರಮ ಪ್ರವೇಶವೆಂದಾದರೆ ಐಟಿ ಕಾಯ್ದೆಯ 66ನೇ ಕಲಂ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬಳಿಕ ಮಾಹಿತಿ ವ್ಯವಸ್ಥೆಯ ಆಡಿಟರ್‌ಗಳಿಗಿರುವ ಸೀಸಾ (CISA) ಪರೀಕ್ಷೆ: 4 ಗಂಟೆ, 150 ಪ್ರಶ್ನೆ. ಪ್ರಮಾಣಪತ್ರಕ್ಕೆ 5 ವರ್ಷದ ಸಂಬಂಧಿತ ಅನುಭವ ಬೇಕು, ಓದಿನ ಆಧಾರದ ಮೇಲೆ ಸ್ವಲ್ಪ ವಿನಾಯಿತಿಯುಂಟು. ಪರೀಕ್ಷೆ ಮೊದಲೇ ಪಾಸಾಗಿ, ಅನುಭವವನ್ನು ಆಮೇಲೆ ತುಂಬಿಸಿಕೊಳ್ಳಬಹುದು. ಅಲ್ಲಿಯವರೆಗೆ ಈಗಿನ ಕೆಲಸ ಬಿಡಬೇಡಿ.